ಪದಚರ್ಚೆ: ಹಳೇ ಔಷಧಿಯನ್ನ ಹೊಸ ಕಾಯಿಲೆಗೆ ಹಚ್ಚೋದಕ್ಕೆ "ಮರುಬಳಕೆ" ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ಪದ ತಲೆ ತಿಂತಾ ಇದೆ, ಬಲ್ಲವರು ಸ್ವಲ್ಪ ಬಿಡಿಸಿಕೊಡಿ. ಮನೋವೈದ್ಯರು ಬರೆದುಕೊಡೋ ಔಷಧಿಗಳು ದೊಡ್ಡಕರುಳಿನ ಕ್ಯಾನ್ಸರಿಗೆ ಕೆಲಸಕ್ಕೆ ಬರ್ತಾವಾ ಅಂತ ನಡೀತಿರೋ ಸಂಶೋಧನೆ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೀತಿದೀನಿ. ಅದರಲ್ಲಿ ಸಾಲು ಬಿಟ್ಟು ಸಾಲಿಗೆ ಬರೋ ಮಾತು ಡ್ರಗ್ ರೀಪರ್ಪಸಿಂಗ್. ಹೆಚ್ಚು ಯೋಚನೆ ಮಾಡದೆ ಎಲ್ಲಾ ಕಡೆ "ಔಷಧ ಮರುಬಳಕೆ" ಅಂತ ಹಾಕ್ಕೊಂಡು ಹೋಗಿದ್ದೆ.

ಸಿಕ್ಕಿಬಿದ್ದಿದ್ದು ನಮ್ಮತ್ತೆಗೆ ಓದಿ ಹೇಳ್ದಾಗ. ಅವರು ಕೆಲವು ವರ್ಷದಿಂದ ಖಿನ್ನತೆಗೆ ಸರ್ಟ್ರಲೀನ್ ತಗೋತಿದಾರೆ, ಹಾಗಾಗಿ ಅವರಿಗೆ ಇಂಟರೆಸ್ಟ್ ಇರತ್ತೆ ಅಂತ ಓದ್ದೆ. ಮೊದಲ ಪ್ಯಾರಾ ಮುಗಿಯೋಷ್ಟರಲ್ಲಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟು "ಯಾರೋ ಬಳಸಿ ಬಿಟ್ಟಿದ್ದನ್ನ ಇನ್ನೊಬ್ಬರಿಗೆ ಕೊಡ್ತಾರೇನೋ? ಮಾತ್ರೆ ಒಂದ್ಸಲ ನುಂಗಿದ್ಮೇಲೆ ಮುಗೀತಲ್ಲೋ, ಅದನ್ನ ಹೆಂಗೋ ಮರುಬಳಕೆ ಮಾಡ್ತಾರೆ?" ಅಂದ್ರು. ನಗು ಬಂತು, ಆಮೇಲೆ ನೋಡಿದ್ರೆ ಅವರು ಹೇಳಿದ್ದೇ ಸರಿ. ನೀರಿನ ಮರುಬಳಕೆ, ಪ್ಲಾಸ್ಟಿಕ್ ಮರುಬಳಕೆ, ಡಬ್ಬ ಬಾಟಲಿ ಮರುಬಳಕೆ, ಇಷ್ಟು ಕೇಳಿ ಕೇಳಿ ಆ ಪದಕ್ಕೆ ಕಸದ ವಾಸನೆ ಅಂಟ್ಕೊಂಡಿದೆ.

ಮೊದಲು ತಪ್ಪೆಲ್ಲ "ಮರು" ಮೇಲೆ ಹೊರಿಸಿದ್ದೆ. ಮರುಮುದ್ರಣ, ಮರುಎಣಿಕೆ, ಮರುಪರೀಕ್ಷೆ, ಎಲ್ಲಾದರಲ್ಲೂ ಮಾಡಿದ್ದನ್ನೇ ಮತ್ತೆ ಮಾಡೋದು ತಾನೆ. ಆದ್ರೆ ಮರುದಿನ ಅಂದ್ರೆ ಅದೇ ದಿನ ಮತ್ತೆ ಬರೋದಲ್ಲ, ಮುಂದಿನ ದಿನ. ಮರುಮಾತು ಅಂದ್ರೆ ಹೇಳಿದ್ದನ್ನೇ ಹೇಳೋದಲ್ಲ, ಎದುರು ಮಾತು. ಮರುಜನ್ಮದಲ್ಲಂತೂ ಜೀವ ಅದೇ, ವೇಷ ಬೇರೆ. ಅಂದ್ರೆ "ಮತ್ತೊಂದು" ಅನ್ನೋ ಅರ್ಥ "ಮರು"ವಿನೊಳಗೆ ಇದ್ದೇ ಇದೆ, ಕೆಡಿಸ್ತಿರೋದು "ಬಳಕೆ". ಬಳಕೆ ಅಂದ ತಕ್ಷಣ ಸವೆದದ್ದು, ಕೈ ಬದಲಾಗಿದ್ದು ಅನ್ನೋ ಭಾವನೆ ಬಂದ್ಬಿಡತ್ತೆ.

ಬೇರೆ ಏನೇನು ಯೋಚಿಸಿದೆ ಅಂದ್ರೆ, "ಮರುಉದ್ದೇಶೀಕರಣ" ಬಾಯಲ್ಲಿ ಹೊರಳಲ್ಲ, ಅದನ್ನ ಬರೆದವರೂ ಎರಡನೇ ಸಲ ಬರೆಯಲ್ಲ. "ಮರುಹೂಡಿಕೆ" ನನಗೆ ಇಷ್ಟ ಆಗಿತ್ತು, ಹೂಡೋದು ಅಂದ್ರೆ ಎತ್ತಿಗೆ ನೊಗ ಕಟ್ಟೋದು, ಎತ್ತು ಅದೇ, ನಿನ್ನೆ ನೇಗಿಲು ಇವತ್ತು ಗಾಡಿ. ಆದ್ರೆ ಆ ಪದ ಬ್ಯಾಂಕಿನವರ ಪಾಲಾಗಿದೆ, "ಔಷಧ ಮರುಹೂಡಿಕೆ" ಅಂದ್ರೆ ಷೇರು ಸಮಾಚಾರ ಅನ್ಕೋತಾರೆ. ಉಳಿದಿದ್ದು ಎರಡು, "ವಿನಿಯೋಗ" ಮತ್ತೆ "ನಿಯೋಜನೆ". ಎರಡೂ ಸಂಸ್ಕೃತದ ಯುಜ್ ಧಾತುವಿಂದ ಬಂದವು, ಅದರ ಮೂಲಾರ್ಥನೂ ಕಟ್ಟೋದು ಹೂಡೋದೇ, ಅಂದ್ರೆ ಸುತ್ತಿ ಬಳಸಿ ಅದೇ ಎತ್ತಿನ ಹತ್ರ ಬಂದ್ವಿ. ವಿನಿಯೋಗ ಅಂದ್ರೆ ಇವತ್ತು ನಮಗೆ ನೆನಪಾಗೋದು ಪ್ರಸಾದ ವಿನಿಯೋಗ. ಆದ್ರೆ ಮಂತ್ರಕ್ಕೆ ವಿನಿಯೋಗ ಹೇಳೋ ಪದ್ಧತಿ ಗೊತ್ತಿರೋರಿಗೆ ಗೊತ್ತು, ಈ ಮಂತ್ರ ಇಂಥಾ ಕರ್ಮಕ್ಕೆ ಅಂತ ಹೇಳೋದೇ ಅದರ ವಿನಿಯೋಗ, ಒಂದೇ ಮಂತ್ರಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ವಿನಿಯೋಗ ಇರತ್ತೆ. ನನಗೆ ಬೇಕಾಗಿರೋ ಅರ್ಥ ಅಕ್ಷರಶಃ ಅದು, ಅತ್ತೆಗೆ ಮಾತ್ರ ಪ್ರಸಾದವೇ ನೆನಪಾಗೋದು! "ಮರುನಿಯೋಜನೆ" ಆಫೀಸು ಭಾಷೆ, ಒಂದು ಇಲಾಖೆ ನೌಕರನನ್ನ ಇನ್ನೊಂದು ಇಲಾಖೆ ಕೆಲಸಕ್ಕೆ ಹಾಕೋದು, ಅವನು ಅವನೇ, ಹುದ್ದೆ ಬೇರೆ. ಸ್ವಲ್ಪ ಫೈಲಿನ ಧೂಳು ಇದೆ ನಿಜ ಆದ್ರೂ ನಾನು ಸದ್ಯಕ್ಕೆ ಇದರ ಕಡೆ ವಾಲಿದೀನಿ.

ಯಾಕೆ ಅಂದ್ರೆ ಈ ಔಷಧಿಗಳ ಚರಿತ್ರೆ ನೋಡಿದ್ರೆ ಟ್ರಾನ್ಸ್‌ಫರ್ ಆರ್ಡರುಗಳ ಕಂತೆ ಥರಾನೇ ಇದೆ. ಕ್ಲೋರ್‌ಪ್ರೋಮಝೀನ್ ತಗೊಳಿ, ಮನೋವೈದ್ಯದ ಚಹರೆ ಬದಲಾಯಿಸಿದ ಔಷಧಿ. ಅದರ ವಂಶದ ಬುಡದಲ್ಲಿರೋದು ಮಿಥಿಲೀನ್ ಬ್ಲೂ, 1876ರಲ್ಲಿ ತಯಾರಾದ ಬಟ್ಟೆ ಬಣ್ಣ. ಆ ಬಣ್ಣದ ರಚನೆಯ ತಿರುಳಾದ ಫಿನೋಥಯಝೀನಿಂದ ಅಲರ್ಜಿ ಔಷಧಿಗಳು ಬಂದ್ವು, ಅವನ್ನ ತಿದ್ದುತ್ತಾ ಹೋಗಿ ಫ್ರಾನ್ಸಿನಲ್ಲಿ 1950ರ ಕೊನೆಗೆ ಕ್ಲೋರ್‌ಪ್ರೋಮಝೀನ್, ಅದನ್ನ ಹೆನ್ರಿ ಲಬೋರಿ ಅನ್ನೋ ಸರ್ಜನ್ ಆಪರೇಷನ್ ಹೊತ್ತಲ್ಲಿ ಅರಿವಳಿಕೆ ಜೊತೆ ಕೊಟ್ಟು ನೋಡಿದ್ರು, ರೋಗಿಗಳು ಎಚ್ಚರ ಇದ್ದೂ ಏನೂ ತಲೆಗೆ ಹಚ್ಕೊಳ್ದೆ ಇರೋದು ಕಣ್ಣಿಗೆ ಬಿತ್ತು, 1952ರಲ್ಲಿ ಪ್ಯಾರಿಸ್‌ನ ಮನೋವೈದ್ಯರಾದ ಡಿಲೇ ಮತ್ತೆ ಡೆನಿಕರ್ ಅದನ್ನ ತಮ್ಮ ರೋಗಿಗಳಿಗೆ ಕೊಟ್ಟು ವರದಿ ಮಾಡಿದ್ರು. ಬಣ್ಣ, ಅಲರ್ಜಿ, ಆಪರೇಷನ್ ಟೇಬಲ್, ಆಮೇಲೆ ಮನೋರೋಗ. ಈಗ ಅದೇ ಫಿನೋಥಯಝೀನ್ ಕುಟುಂಬದವನ್ನ ಕ್ಯಾನ್ಸರ್ ಜೀವಕೋಶದ ಮೇಲೆ ಹಾಕಿ ನೋಡ್ತಿದಾರೆ. ಇದರಲ್ಲಿ ಯಾವುದು ಅದರ "ನಿಜವಾದ" ಕೆಲಸ? ಇಪ್ರೋನಯಝಿಡ್ ಕಥೆ ಇನ್ನೂ ಮಜಾ, ಅದು ಇದ್ದಿದ್ದು ಕ್ಷಯಕ್ಕೆ, 1950ರ ದಶಕದ ಶುರುವಲ್ಲಿ ಕ್ಷಯದ ವಾರ್ಡಿನ ರೋಗಿಗಳು ಇದ್ದಕ್ಕಿದ್ದಂಗೆ ಗೆಲುವಾಗಿದ್ದು ನೋಡಿ ಖಿನ್ನತೆಗೆ ತಿರುಗಿಸಿದ್ರು. ಇನ್ನು ವ್ಯಾಲ್ಪ್ರೋಯಿಕ್ ಆಸಿಡ್ ಹುಟ್ಟಿದ್ದು 1882ರಲ್ಲಿ, ಬಹಳ ಕಾಲ ಬೇರೆ ರಾಸಾಯನಿಕಗಳನ್ನ ಕರಗಿಸೋ ದ್ರಾವಕವಾಗಿ ಬಿದ್ದಿತ್ತು, 1960ರ ದಶಕದಲ್ಲಿ ಹಾಗೆ ಕರಗಿಸೋಕೆ ಬಳಸ್ತಿದ್ದಾಗಲೇ ಅದಕ್ಕೆ ಫಿಟ್ಸ್ ತಡೆಯೋ ಶಕ್ತಿ ಇದೆ ಅಂತ ಆಕಸ್ಮಿಕವಾಗಿ ಗೊತ್ತಾಯ್ತು, ಆಮೇಲೆ ಬೈಪೋಲಾರ್ ಅನ್ನೋ ಮನೋರೋಗಕ್ಕೂ ಬಂತು. 2001ರಲ್ಲಿ ಅದು ಡಿಎನ್‌ಎ ಸುತ್ತಿಟ್ಟಿರೋ ಹಿಸ್ಟೋನ್‌ಗಳ ಮೇಲೆ ಕೆಲಸ ಮಾಡೋ ಎಂಜೈಮ್‌ಗಳನ್ನ ತಡೆಯತ್ತೆ ಅಂತ ಕಂಡುಕೊಂಡ್ರು, ಅಲ್ಲಿಂದ ಕ್ಯಾನ್ಸರಿನವರ ಕಣ್ಣು ಅದರ ಮೇಲೆ. ಹಿಂಗಿರುವಾಗ "ಮರುಬಳಕೆ" ಅಂದ್ರೆ ಮೊದಲ ಬಳಕೆ ಅನ್ನೋದೊಂದು ಗಟ್ಟಿಯಾಗಿ ಇತ್ತು ಅನ್ನೋ ಸುಳ್ಳು ಒಳಗೆ ಸೇರ್ಕೊಳತ್ತೆ.

ಪದ ಸರಿಯಾದ್ರೂ ವಾಕ್ಯ ಸರಿಯಾಗಲಿಲ್ಲ, ಅದು ಎರಡನೇ ತಲೆನೋವು. ನನ್ನ ಡ್ರಾಫ್ಟಲ್ಲಿ "ಮನೋರೋಗದ ಔಷಧಿಗಳನ್ನು ಕರುಳಿನ ಕ್ಯಾನ್ಸರ್‌ಗೆ ಬಳಸಲಾಗುತ್ತಿದೆ" ಅಂತಿತ್ತು. ಈ "ಲಾಗುತ್ತಿದೆ" ತುಂಬಾ ಅಪಾಯಕಾರಿ ಪ್ರತ್ಯಯ ಕಣ್ರೀ, ಯಾರು ಎಲ್ಲಿ ಯಾವ ಹಂತದಲ್ಲಿ ಎಲ್ಲಾ ನುಂಗಿಹಾಕತ್ತೆ. ಓದಿದವರಿಗೆ ಆಸ್ಪತ್ರೆಲಿ ಆಗ್ಲೇ ಕೊಡ್ತಿದಾರೆ ಅನ್ಸತ್ತೆ. ದೊಡ್ಡಕರುಳಿನ ಕ್ಯಾನ್ಸರಿಗೆ ಮಂಜೂರಾದ ಚಿಕಿತ್ಸೆ ಅಂತ ಇವ್ಯಾವೂ ಇನ್ನೂ ಆಗಿಲ್ಲ. ಹೆಚ್ಚಿನ ಕೆಲಸ ಗಾಜಿನ ತಟ್ಟೇಲಿ ಬೆಳೆಸಿದ ಜೀವಕೋಶದಲ್ಲಿ ಮತ್ತೆ ಇಲಿಗಳಲ್ಲಿ, ಮನುಷ್ಯರ ಮೇಲೆ ಕಿಮೋ ಜೊತೆ ವ್ಯಾಲ್ಪ್ರೋಯೇಟ್ (ವ್ಯಾಲ್ಪ್ರೋಯಿಕ್ ಆಸಿಡ್ಡಿನ ಲವಣ ರೂಪ) ಸೇರಿಸಿ ನೋಡಿದಂಥವು ಕೆಲವೇ. ಗಾಜಿನ ತಟ್ಟೇಲಿ ಜೀವಕೋಶ ಸಾಯೋಕೆ ಬೇಕಾಗೋ ಪ್ರಮಾಣ ಎಷ್ಟೋ ಸಲ ಮಾಮೂಲಿ ಡೋಸಲ್ಲಿ ರಕ್ತಕ್ಕೆ ಬರೋದಕ್ಕಿಂತ ಬಹಳ ಜಾಸ್ತಿ ಇರತ್ತೆ. ಹಾಗಾಗಿ "ಬಳಸಬಹುದೇ ಅಂತ ನೋಡುತ್ತಿದ್ದಾರೆ" ಅಂತ ತಿದ್ದಿದೆ. ಉದ್ದ ಆಯ್ತು, ಇರಲಿ.

ಇದಕ್ಕಿಂತ ಸೂಕ್ಷ್ಮ ಚತುರ್ಥಿ ವಿಭಕ್ತಿದು. ತಲೆನೋವಿಗೆ ಮಾತ್ರೆ ಅಂದ್ರೆ ತಲೆನೋವು ಹೋಗಲಿ ಅಂತ, ನಿದ್ದೆಗೆ ಮಾತ್ರೆ ಅಂದ್ರೆ ನಿದ್ದೆ ಬರಲಿ ಅಂತ. ಒಂದೇ "ಗೆ", ಒಂದು ಓಡಿಸತ್ತೆ ಒಂದು ಕರೆಸತ್ತೆ, ಯಾವುದು ಅಂತ ನಾವು ತಲೆ ಕೆಡಿಸಿಕೊಳ್ಳದೆ ಅರ್ಥ ಮಾಡ್ಕೋತೀವಿ. "ಕ್ಯಾನ್ಸರಿಗೆ" ಅನ್ನೋವಾಗ ಮಾತ್ರ ಎಡವೋದು. ಉದಾಹರಣೆಗೆ ಓಲಾಂಝಪೀನ್, ಸ್ಕಿಜೋಫ್ರೇನಿಯಾ ಅನ್ನೋ ಮನೋರೋಗಕ್ಕೆ ಕೊಡೋ ಔಷಧಿ, ಕಿಮೋ ತಗೊಳೋರಿಗೆ ಇದನ್ನ ನಿಜವಾಗ್ಲೂ ಕೊಡ್ತಾರೆ, ಮಾರ್ಗಸೂಚಿಗಳಲ್ಲೇ ಇದೆ. ಆದ್ರೆ ಕೊಡೋದು ಕಿಮೋದಿಂದ ಬರೋ ವಾಕರಿಕೆ ವಾಂತಿಗೆ, ಗಡ್ಡೆಗಲ್ಲ. ಅದನ್ನ "ಕ್ಯಾನ್ಸರಿಗೆ ಮನೋರೋಗದ ಮಾತ್ರೆ" ಅಂತ ಬರೆದ್ರೆ ವ್ಯಾಕರಣ ಸರಿ, ವಿಷಯ ತಪ್ಪು. ಇನ್ನೊಂದು, ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ದಾಖಲೆ ಇಟ್ಕೊಂಡು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆ ಮಾತ್ರೆಗಳನ್ನ ಹೆಚ್ಚಿನ ಡೋಸಲ್ಲಿ ತಗೊಂಡವರಲ್ಲಿ ಕರುಳಿನ ಕ್ಯಾನ್ಸರ್ ಬರೋ ಸಂಭವ ಕಡಿಮೆ ಕಂಡಿತ್ತು. ಅದು ಬರೋದರ ಲೆಕ್ಕ, ಬಂದದ್ದು ವಾಸಿಯಾಗೋದರ ಲೆಕ್ಕ ಅಲ್ಲ, ಆದ್ರೆ "ಕ್ಯಾನ್ಸರಿಗೆ ಒಳ್ಳೇದು" ಅಂತ ಬರೆದ್ಬಿಟ್ರೆ ಎರಡೂ ಕಲಸಿಹೋಗತ್ತೆ. ಬೈಪೋಲಾರಿಗೆ ಕೊಡೋ ಲಿಥಿಯಮ್ ವಿಷಯದಲ್ಲಂತೂ ಉಲ್ಟಾ ಚಿಂತೆನೂ ಇದೆ, ಅದು ತಡೆಯೋ ಜಿಎಸ್‌ಕೆ-3 ಅನ್ನೋ ಎಂಜೈಮು ಜೀವಕೋಶ ಹೆಚ್ಚೋಕೆ ಕುಮ್ಮಕ್ಕು ಕೊಡೋ ಬೀಟಾ-ಕೆಟೆನಿನ್ ಅನ್ನೋ ಪ್ರೋಟೀನಿಗೆ ಕಡಿವಾಣ, ಹೆಚ್ಚಿನ ಕರುಳಿನ ಕ್ಯಾನ್ಸರುಗಳಲ್ಲಿ ಕೆಟ್ಟಿರೋದೇ ಆ ಕಡಿವಾಣದ ವ್ಯವಸ್ಥೆ, ಅಂದ್ರೆ ಸಿದ್ಧಾಂತದ ಪ್ರಕಾರ ಬೆಂಕಿಗೆ ತುಪ್ಪ ಸುರಿದಂಗೂ ಆಗಬಹುದು.

"ಸೈಕಿಯಾಟ್ರಿಕ್ ಡ್ರಗ್" ಅನ್ನೋದಕ್ಕೆ ಒಂದು ಕಡೆ "ಮಾನಸಿಕ ಔಷಧಿ" ಅಂತ ಬರೆದಿದ್ದೆ, ದಯವಿಟ್ಟು ಯಾರೂ ಹಾಗೆ ಬರೀಬೇಡಿ, ಮಾನಸ ಪೂಜೆ ಥರ ಮನಸಲ್ಲೇ ನುಂಗೋ ಔಷಧಿ ಆಗತ್ತೆ. ಮನೆಗಳಲ್ಲಿ ಇವನ್ನ "ನಿದ್ದೆ ಮಾತ್ರೆ", "ನರದ ಮಾತ್ರೆ" ಅಂತ ಕರೆಯೋದು ಸಂಕೋಚಕ್ಕೆ, ಹುಚ್ಚು ಅನ್ನೋ ಪದ ಹತ್ರ ಸುಳೀಬಾರದು ಅಂತ. ಅರ್ಥ ಆಗತ್ತೆ, ಆದ್ರೆ ಲೇಖನಕ್ಕೆ ಒಗ್ಗಲ್ಲ. "ಮನೋವೈದ್ಯಕೀಯ ಔಷಧಿ" ಸರಿ ಇದೆ ಅನ್ಸತ್ತೆ.

ಅಂದಹಾಗೆ ಮನಸಿನ ಮಾತ್ರೆಗೂ ಕರುಳಿಗೂ ಏನು ಸಂಬಂಧ ಅಂತ ಅತ್ತೆ ಕೇಳಲೇ ಇಲ್ಲ, ಅದು ಅವರಿಗೆ ಸಹಜ ಅನ್ಸಿರಬೇಕು. ಕನ್ನಡದಲ್ಲಿ ಕರುಳು ಚುರುಕ್ ಅನ್ನತ್ತೆ, ಹೊಟ್ಟೆ ಉರಿಯತ್ತೆ, ಮಕ್ಕಳು ಕರುಳಿನ ಕುಡಿ. ಮನಸಿನ ಸ್ಥಿತಿ ಜೊತೆ ತಳಕು ಹಾಕೋ ರಾಸಾಯನಿಕ ಒಂದಿದೆ, ಸೆರೊಟೋನಿನ್ ಅಂತ, ದೇಹದ ಸೆರೊಟೋನಿನ್‌ನಲ್ಲಿ ಸುಮಾರು 90% ತಯಾರಾಗೋದು ಕರುಳಲ್ಲೇ. ಅಮಿಟ್ರಿಪ್ಟಿಲೀನ್ ಅನ್ನೋ ಹಳೇ ಖಿನ್ನತೆ ಔಷಧಿನ 10 ಮಿಲಿಗ್ರಾಂ ಥರದ ಸಣ್ಣ ಡೋಸಲ್ಲಿ ಐಬಿಎಸ್‌ಗೆ, ಅಂದ್ರೆ ಕೆರಳು ಕರುಳಿಗೆ ಈಗ್ಲೂ ಕೊಡ್ತಾರೆ, ಚೀಟಿ ತಗೊಂಡು ಹೋಗಿ ನೆಟ್ಟಲ್ಲಿ ನೋಡಿ "ನನಗೇನು ತಲೆ ಕೆಟ್ಟಿದೆಯಾ" ಅಂತ ಸಿಟ್ಟಾದವರನ್ನ ನಾನೇ ಕಂಡಿದೀನಿ.

ಕೊನೇದು "ಕೊಲೊರೆಕ್ಟಲ್", ಅಂದ್ರೆ ಕೋಲನ್ ಮತ್ತೆ ಅದರ ಮುಂದಿನ ಕೊನೇ ಭಾಗವಾದ ರೆಕ್ಟಮ್ ಎರಡಕ್ಕೂ ಸೇರಿದ್ದು. ಕೋಲನ್ನಿಗೆ ದೊಡ್ಡಕರುಳು ಅನ್ನೋದು ರೂಢಿ, ಪೂರ್ತಿ ಕರಾರುವಾಕ್ಕಲ್ಲ ಆದ್ರೆ ನಡಿಯತ್ತೆ. ರೆಕ್ಟಮ್ಮಿಗೆ ಕೆಲವರು ಗುದನಾಳ ಅಂತಾರೆ, ಕೆಲವರು ಮಲಾಶಯ. ನನಗೆ ಮಲಾಶಯ ಇಷ್ಟ, ಮೂತ್ರಾಶಯ ಗರ್ಭಾಶಯದ ಸಾಲಲ್ಲಿ ಕೂರತ್ತೆ, ಗುದನಾಳ ಅಂದ್ರೆ ಗುದದ್ವಾರ ಅಂತಲೇ ಓದಿಕೊಳ್ಳೋರು ಇದಾರೆ. "ಕ್ಯಾನ್ಸರ್" ಹಂಗೇ ಬಿಡ್ತೀನಿ, ಅರ್ಬುದ ಅಂದ್ರೆ ಸಂಖ್ಯೆನೋ ಗಡ್ಡೆನೋ ಅಂತ ಓದುಗರು ನಿಲ್ತಾರೆ, ಏಡಿಹುಣ್ಣು ಅಂದ್ರೆ ಏಡಿ ಕಚ್ಚಿದ ಹುಣ್ಣು ಅನ್ಕೋತಾರೆ.

ಹಾಗಾಗಿ ನನ್ನ ಪ್ರಶ್ನೆ ಇಷ್ಟು. "ಔಷಧ ಮರುನಿಯೋಜನೆ" ಅಂತ ಲೇಖನದ ಮೈಯಲ್ಲಿ ಬರೆದು, ತಲೆಬರಹದಲ್ಲಿ ಮಾತ್ರ "ಹಳೇ ಔಷಧಿಗೆ ಹೊಸ ಕೆಲಸ" ಅಂತ ಬಿಡಿಸಿ ಹೇಳಿದ್ರೆ ನಡಿಯತ್ತಾ? ವಿನಿಯೋಗದ ಹಳೇ ಅರ್ಥ ನಿಮ್ಮಲ್ಲಿ ಯಾರಾದ್ರೂ ವೈದ್ಯ ಬರಹದಲ್ಲಿ ಉಪಯೋಗಿಸಿದ್ರೆ ಆ ವಾಕ್ಯ ಹಾಕಿ. ಮತ್ತೆ ಆಸ್ಪತ್ರೆಲಿ ಕೆಲಸ ಮಾಡೋರು ರೋಗಿಗಳ ಹತ್ರ ಕನ್ನಡದಲ್ಲಿ ಮಾತಾಡ್ವಾಗ ರೆಕ್ಟಮ್ಮಿಗೆ ನಿಜವಾಗ್ಲೂ ಏನಂತೀರಿ ಅಂತ ತಿಳಿಸಿ, ಡಿಕ್ಷನರಿ ಪದ ಬೇಡ, ಬಾಯಲ್ಲಿ ಬರೋದು. ಗುರುವಾರದೊಳಗೆ ಲೇಖನ ಕಳಿಸಬೇಕು.