ಐನ್‌ಮನೆಯ ದೀಪದ ಬೆಳಕಿಗೆ ಯಾವ ಡಿಜಿಟಲ್ ರೇಂಜ್‌ಫೈಂಡರ್ ಸೂಕ್ತ?

ಪ್ರಶ್ನೆ: ನಾಪೋಕ್ಲು ಕಡೆಯ ಸದಸ್ಯರು

ಎಲ್ಲರಿಗೂ ನಮಸ್ಕಾರ. ನಮ್ಮ ಐನ್‌ಮನೆಯಲ್ಲಿ (ಕೊಡವ ಕುಟುಂಬದ ಮೂಲ ಮನೆ) ಸುಗ್ಗಿಹಬ್ಬವಾದ ಹುತ್ತರಿಯ ರಾತ್ರಿ ನಡೆಯುವ ಆಚರಣೆಗಳನ್ನು ಫ್ಲ್ಯಾಶ್ ಬಳಸದೆ ಚಿತ್ರಿಸಬೇಕೆಂದಿದ್ದೇನೆ. ಮನೆಯ ನಡುವಿನ ಹಜಾರವಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪದ ಬೆಳಕು ಬಿಟ್ಟರೆ ಬೇರೇನೂ ಇರುವುದಿಲ್ಲ. ಗದ್ದೆಗಿಳಿದು ಕದಿರು ತೆಗೆಯುವಾಗ ಹುಣ್ಣಿಮೆಯ ಬೆಳಕು ಮತ್ತು ಕೆಲವರ ಕೈಯಲ್ಲಿನ ಟಾರ್ಚು, ಅಷ್ಟೆ. ಫಿಲ್ಮ್ ರೇಂಜ್‌ಫೈಂಡರಿಗೆಂದು (ಫೈಂಡರಿನಲ್ಲಿ ಕಾಣುವ ಎರಡು ಬಿಂಬಗಳನ್ನು ಕೂಡಿಸಿ ಫೋಕಸ್ ಮಾಡುವ ಕ್ಯಾಮೆರಾ) ಕೊಂಡಿದ್ದ ಫೋಕ್ಟ್‌ಲ್ಯಾಂಡರ್ 35 ಮಿ.ಮೀ. ಎಫ್ 1.4 ಲೆನ್ಸ್ ನನ್ನ ಬಳಿ ಇರುವುದರಿಂದ ಅದೇ ಮೌಂಟಿನ (ಲೆನ್ಸ್ ಕೂರಿಸುವ ಜೋಡಣೆ) ಡಿಜಿಟಲ್ ಕ್ಯಾಮೆರಾವನ್ನೇ ನೋಡುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಆಗಿ ಲೈಕಾ ಎಂ9, ಎಂ ಟೈಪ್ 240 ಮತ್ತು ಎಂ10 ಸಿಗುತ್ತಿವೆ. ಇವುಗಳ ಗರಿಷ್ಠ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಕ್ರಮವಾಗಿ 2500, 6400 ಮತ್ತು 50000 ಎಂದು ಕಂಪನಿಯ ವಿವರಪಟ್ಟಿ ಹೇಳುತ್ತದೆ. ಹಾಗಿದ್ದರೆ ಎಂ10 ನಿಜಕ್ಕೂ ಎಂ9ಗಿಂತ 20 ಪಟ್ಟು ಮುಂದಿದೆಯೇ? ಬೆಲೆಯ ಅಂತರ ದೊಡ್ಡದಾದ್ದರಿಂದ ಬಳಸಿದವರ ಅಭಿಪ್ರಾಯ ಬೇಕಾಗಿದೆ.

ಉತ್ತರ: ಮಡಿಕೇರಿಯ ಸದಸ್ಯರು

ವಿವರಪಟ್ಟಿಯ ಕೊನೆಯ ಸಂಖ್ಯೆ ಕ್ಯಾಮೆರಾ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಹೇಳುತ್ತದೆಯೇ ಹೊರತು ಎಲ್ಲಿಯವರೆಗೆ ಹೋದರೆ ಚಿತ್ರ ಉಳಿಯುತ್ತದೆ ಎಂಬುದನ್ನಲ್ಲ. 2009ರ ಎಂ9ನಲ್ಲಿರುವುದು ಕೊಡಾಕ್ ತಯಾರಿಸಿದ 18 ಮೆಗಾಪಿಕ್ಸೆಲ್‌ನ, ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರ್. 2013ರಲ್ಲಿ ಮಾರುಕಟ್ಟೆಗೆ ಬಂದ ಟೈಪ್ 240 ಮತ್ತು 2017ರ ಎಂ10, ಎರಡರಲ್ಲೂ ಇರುವುದು 24 ಮೆಗಾಪಿಕ್ಸೆಲ್‌ನ, ಸಿಮಾಸ್ ಎಂಬ ಹೊಸ ಬಗೆಯ ಸೆನ್ಸರ್. ಬಣ್ಣದ ಚಿತ್ರವನ್ನು ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಮುದ್ರಿಸುವುದಾದರೆ ನಾನು ಎಂ9ನಲ್ಲಿ 1250, ಟೈಪ್ 240ರಲ್ಲಿ 3200, ಎಂ10ರಲ್ಲಿ 6400 ದಾಟಲು ಹಿಂಜರಿಯುತ್ತೇನೆ. ಅಂದರೆ ತಾವು ಕೇಳಿದ 20 ಪಟ್ಟು ನನ್ನ ಲೆಕ್ಕದಲ್ಲಿ 5 ಪಟ್ಟಿಗೆ ಇಳಿಯುತ್ತದೆ. ಅದೇನೂ ಸಣ್ಣ ಲಾಭವಲ್ಲ.

ನಾಯ್ಸ್‌ನ (ಐಎಸ್‌ಒ ಏರಿಸಿದಾಗ ಚಿತ್ರದಲ್ಲಿ ಕಾಣುವ ಕಾಳುಗಳು) ಪ್ರಮಾಣಕ್ಕಿಂತ ಅದರ ಸ್ವಭಾವ ಮುಖ್ಯ. ಟೈಪ್ 240ರಲ್ಲಿ 6400ಕ್ಕೆ ಹೋದಾಗ ನೆರಳಿನ ಭಾಗಗಳಲ್ಲಿ ಅಡ್ಡ ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಅಡ್ಡಾದಿಡ್ಡಿ ಹರಡಿದ ಕಾಳನ್ನು ಸಹಿಸುವ ಕಣ್ಣು ಸಾಲಾಗಿ ನಿಂತ ಪಟ್ಟೆಯನ್ನು ಸಹಿಸುವುದಿಲ್ಲ. ಎಂ10ರಲ್ಲಿ ಈ ತೊಂದರೆ ಬಹುಮಟ್ಟಿಗೆ ನೀಗಿದೆ.

ಆದರೆ ಐನ್‌ಮನೆಯ ವಿಷಯದಲ್ಲಿ ಬಹಳ ಮಂದಿ ಗಮನಿಸದ ಸಂಗತಿ ಬೆಳಕಿನ ಬಣ್ಣ. ಎಣ್ಣೆದೀಪದ ವರ್ಣತಾಪ ಸುಮಾರು 1900 ಕೆಲ್ವಿನ್. ಅದರಲ್ಲಿ ಕೆಂಪು ಧಾರಾಳವಾಗಿರುತ್ತದೆ, ನೀಲಿ ಬಹಳ ಕಡಿಮೆ. ವೈಟ್ ಬ್ಯಾಲೆನ್ಸ್ (ಬಿಳಿ ವಸ್ತು ಬಿಳಿಯಾಗಿಯೇ ಕಾಣುವಂಥ ಬಣ್ಣದ ಹೊಂದಾಣಿಕೆ) ಸರಿಪಡಿಸಲು ಹೊರಟಾಗ ಸಾಫ್ಟ್‌ವೇರ್ ಆ ಕೊರತೆಯ ನೀಲಿ ಚಾನೆಲ್ಲನ್ನು ಹಲವು ಪಟ್ಟು ಹಿಗ್ಗಿಸುತ್ತದೆ, ಅದರೊಂದಿಗೆ ಅಲ್ಲಿನ ನಾಯ್ಸ್ ಕೂಡ ಹಿಗ್ಗುತ್ತದೆ. ಹೀಗಾಗಿ ಹಗಲಿನ ಬೆಳಕಿನಲ್ಲಿ ಮಾಡಿದ ಐಎಸ್‌ಒ ಹೋಲಿಕೆಗಳು ದೀಪದ ಕೋಣೆಗೆ ಅನ್ವಯಿಸುವುದಿಲ್ಲ. ಅಲ್ಲಿ 1600ರ ಚಿತ್ರದ ನೀಲಿ ಚಾನೆಲ್ ಹಗಲಿನ 6400ರಂತೆ ವರ್ತಿಸಿದರೆ ಆಶ್ಚರ್ಯವಿಲ್ಲ. ಚಿತ್ರದಲ್ಲಿ ಸ್ವಲ್ಪ ಹಳದಿ ಉಳಿಯಲು ಬಿಟ್ಟರೆ ನಾಯ್ಸ್ ಎದ್ದುಕಾಣುವಷ್ಟು ತಗ್ಗುತ್ತದೆ, ನೋಟಕ್ಕೂ ಅದೇ ಸಹಜ. ದೀಪದಡಿ ಕುಳಿತ ಹಿರಿಯರ ಮುಖ ಟ್ಯೂಬ್‌ಲೈಟಿನ ಕೆಳಗಿದ್ದಂತೆ ಕಾಣಬೇಕೆಂದು ಯಾರೂ ಬಯಸುವುದಿಲ್ಲವಲ್ಲ.

ಗದ್ದೆಯ ವಿಷಯದಲ್ಲಿ ಮಾತ್ರ ಆಸೆ ಮಿತವಾಗಿರಲಿ. ಬರೀ ಹುಣ್ಣಿಮೆಯ ಬೆಳಕಿನಲ್ಲಿ ಎಫ್ 1.4, ಐಎಸ್‌ಒ 6400 ಇಟ್ಟರೂ ಶಟರ್ 1/4 ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಆ ವೇಗದಲ್ಲಿ ಕುಯ್ಲಿನ ಕೈ ಮಸುಕಾಗದೆ ಇರದು. ಅಲ್ಲಿ ಟಾರ್ಚಿನ ಬೆಳಕೇ ಗತಿ.

ಉತ್ತರ: ಸಿದ್ದಾಪುರದ ಸದಸ್ಯರು

ಬೆಲೆ ಕಡಿಮೆಯೆಂದು 2006ರ ಎಂ8 ಕಡೆಗೆ ಮನಸ್ಸು ಹರಿದರೆ ಒಂದು ಎಚ್ಚರಿಕೆ. ಅದರ ಸೆನ್ಸರಿನ ಮುಂದಿರುವ ಅವಕೆಂಪು (ಇನ್‌ಫ್ರಾರೆಡ್) ತಡೆಯುವ ಪದರ ತೀರಾ ತೆಳುವಾದ್ದರಿಂದ ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆಗೆಂಪಾಗಿ ಕಾಣುತ್ತದೆ. ಎಣ್ಣೆದೀಪದಲ್ಲಿ ಅವಕೆಂಪು ಹೇರಳವಾಗಿರುವುದರಿಂದ, ಹುತ್ತರಿಯ ರಾತ್ರಿ ಕಪ್ಪು ಕುಪ್ಯ (ಕೊಡವ ಪುರುಷರ ನಿಲುವಂಗಿ) ತೊಟ್ಟು ನಿಂತ ಬಂಧುಗಳಲ್ಲಿ ಕೆಲವರು ಕಪ್ಪಾಗಿಯೂ ಕೆಲವರು ನೇರಳೆಯಾಗಿಯೂ ಬಂದಾರು! ಲೆನ್ಸಿಗೆ ಅವಕೆಂಪು ತಡೆಯುವ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ. 2004ರ ಎಪ್ಸನ್ ಆರ್‌ಡಿ1 ಐಎಸ್‌ಒ 1600ಕ್ಕೇ ನಿಲ್ಲುತ್ತದೆ. ಅದನ್ನು ಈ ಕೆಲಸಕ್ಕೆ ನಾನು ಸೂಚಿಸಲಾರೆ.

ಬಣ್ಣ ಬೇಡವೆನ್ನುವುದಾದರೆ ಮೊನೊಕ್ರೋಮ್ ಮಾದರಿಗಳನ್ನು ನೋಡಿ. ಸೆನ್ಸರಿನ ಮೇಲೆ ಬಣ್ಣದ ಫಿಲ್ಟರ್ ಇಲ್ಲದ ಕಾರಣ ಪ್ರತಿ ಪಿಕ್ಸೆಲ್ಲಿಗೂ ಹೆಚ್ಚು ಬೆಳಕು ತಲುಪುತ್ತದೆ, ಮೇಲಿನ ಉತ್ತರದಲ್ಲಿ ಹೇಳಿದ ನೀಲಿ ಚಾನೆಲ್ಲಿನ ಸಮಸ್ಯೆಯೂ ಹುಟ್ಟುವುದಿಲ್ಲ. ಎಂ9ನ ಕಾಲದ ಸಿಸಿಡಿಯನ್ನೇ ಹೊತ್ತ 2012ರ ಮೊನೊಕ್ರೋಮ್ 10000ದವರೆಗೆ ಹೋಗುತ್ತದೆ, ಅದರ ಕಾಳು ಫಿಲ್ಮಿನ ಕಾಳಿಗೆ ಹತ್ತಿರವಾಗಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸೀರೆಗಳ ಬಣ್ಣ, ಚೇಲೆಯ (ಸೊಂಟಪಟ್ಟಿ) ಕೆಂಪು ಬೇಕೇ ಬೇಕಾದ್ದರಿಂದ ಮೊನೊಕ್ರೋಮ್ ಆಗದು. ಎಂ9 ಅನ್ನು ಕಡಿಮೆ ಐಎಸ್‌ಒದಲ್ಲಿ ಬಳಸಿ ನಂತರ ಕಂಪ್ಯೂಟರಿನಲ್ಲಿ ಬೆಳಕು ಏರಿಸಿದರೆ ಲಾಭವಿದೆ ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ಪೊನ್ನಂಪೇಟೆಯ ಸದಸ್ಯರು

ನಿಜ, ಆದರೆ ಆ ಲಾಭ ನಾಯ್ಸ್ ತಗ್ಗುವುದರಲ್ಲಿಲ್ಲ. ಎಂ9ನಲ್ಲಿ 640ರಲ್ಲಿ ತೆಗೆದು ಎರಡು ಸ್ಟಾಪ್ (ಅಂದರೆ ನಾಲ್ಕು ಪಟ್ಟು) ಏರಿಸಿದ ಚಿತ್ರಕ್ಕೂ ನೇರವಾಗಿ 2500ರಲ್ಲಿ ತೆಗೆದ ಚಿತ್ರಕ್ಕೂ ನೆರಳಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದು. ಮೊದಲನೆಯದರಲ್ಲಿ ದೀಪದ ಕುಡಿಯ ಸುತ್ತಲಿನ ವಿವರ ಬಿಳಿಯಾಗಿ ಕರಗಿಹೋಗದೆ ಉಳಿಯುತ್ತದೆ. ಹೀಗೆ ಮಾಡುವುದಾದರೆ ಕಂಪ್ರೆಸ್ ಮಾಡದ ಡಿಎನ್‌ಜಿ (ಸೆನ್ಸರಿನ ಮೂಲ ಮಾಹಿತಿ ಉಳಿಸುವ ಫೈಲ್) ಆಯ್ಕೆಯನ್ನೇ ಇಟ್ಟುಕೊಳ್ಳಿ.

ಇಲ್ಲಿಯವರೆಗೆ ಯಾರೂ ವ್ಯೂಫೈಂಡರಿನ ಮಾತೆತ್ತಲಿಲ್ಲ. ಚಿತ್ರದ ಅಂಚು ತೋರಿಸುವ ಎಂ9ನ ಫ್ರೇಮ್ ಗೆರೆಗಳು ಹೊರಗಿನ ಬೆಳಕಿನಿಂದಲೇ ಬೆಳಗುವುದರಿಂದ ಕತ್ತಲೆಯ ನಡುಬಾಡೆಯಲ್ಲಿ ಅವು ಮಾಸಿಹೋಗುತ್ತವೆ. ಟೈಪ್ 240 ಮತ್ತು ಎಂ10ರಲ್ಲಿ ಎಲ್‌ಇಡಿ ಅವುಗಳನ್ನು ಬೆಳಗಿಸುತ್ತದೆ. ಎಂ10ರ ಫೈಂಡರ್ ದೃಶ್ಯವನ್ನು ನಿಜ ಗಾತ್ರದ 0.73 ಪಟ್ಟು ತೋರಿಸಿದರೆ ಉಳಿದೆರಡರದ್ದು 0.68 ಪಟ್ಟು. ತಮ್ಮ 35 ಮಿ.ಮೀ. ಲೆನ್ಸಿನಲ್ಲಿ ಎಫ್ 1.4ಕ್ಕೆ 2 ಮೀಟರ್ ದೂರದ ವ್ಯಕ್ತಿಯ ಮೇಲೆ ಫೋಕಸ್ ಮಾಡಿದರೆ ಸ್ಪಷ್ಟವಾಗಿರುವ ಆಳ ಸುಮಾರು 27 ಸೆಂ.ಮೀ. ಇರುತ್ತದೆ, ಅಷ್ಟರಲ್ಲಿ ಹೊಂದಿಸಬಹುದು, 50 ಮಿ.ಮೀ.ನಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಮುಖದ ಮೇಲೆ ಎರಡು ಬಿಂಬಗಳು ಕೂಡುವುದು ಕಾಣದಿದ್ದಾಗ ಬೆಳಕು ಬಿದ್ದ ಕಾಲರಿನ ಅಂಚನ್ನೋ ಪೀಚೆಕತ್ತಿಯ (ಸೊಂಟದ ಕಿರುಗತ್ತಿ) ಹಿಡಿಯನ್ನೋ ನೋಡಿ ಹೊಂದಿಸುವುದು ಒಳ್ಳೆಯದು.

ನನ್ನ ಆಯ್ಕೆ ಟೈಪ್ 240. ಎಫ್ 1.4 ಲೆನ್ಸ್ ಇದ್ದು 3200ರೊಳಗೆ ಕೆಲಸ ಮುಗಿಯುವಾಗ ಎಂ10ಗೆ ಕೊಡುವ ಹೆಚ್ಚಿನ ಹಣದಲ್ಲಿ ಇನ್ನೊಂದು ಒಳ್ಳೆಯ ಲೆನ್ಸನ್ನೇ ಕೊಳ್ಳಬಹುದು. ಎಂ9 ಕೊಳ್ಳುವುದೇ ಆದರೆ ಸೆನ್ಸರ್ ಬದಲಾಯಿಸಿದ ದಾಖಲೆ ಕೇಳಿ ಪಡೆಯಿರಿ: ಮೊದಲಿನ ಸೆನ್ಸರುಗಳ ಮೇಲಿನ ಗಾಜು ಸವೆದು ಕಲೆಗಟ್ಟುವ ದೋಷ ಎಲ್ಲರಿಗೂ ತಿಳಿದದ್ದೇ, ನಮ್ಮ ಮಳೆಗಾಲದ ತೇವದಲ್ಲಂತೂ ಅಂಥ ಕ್ಯಾಮೆರಾವನ್ನು ನಂಬುವಂತಿಲ್ಲ. ದಾಖಲೆ ಇಲ್ಲದಿದ್ದರೆ ಎಫ್ 16ರಲ್ಲಿ ಬಿಳಿ ಮೋಡದ ಆಕಾಶದ ಚಿತ್ರವೊಂದನ್ನು ತೆಗೆದು ಕಳುಹಿಸಲು ಮಾರುವವರಿಗೆ ಹೇಳಿ. ಸುತ್ತ ಉಂಗುರವಿರುವ ಚುಕ್ಕೆಗಳು ಕಂಡರೆ, ಒರೆಸಿದರೂ ಹೋಗದಿದ್ದರೆ, ಆ ಕ್ಯಾಮೆರಾ ಬೇಡ.