ಡೆರಿವೇಟಿವ್‌ನ ಆರ್ಡರ್ ಬದಲಾದ ಕೂಡಲೇ ಗ್ರಾಫ್ ಮೇಲಕ್ಕೆ ಹೋಗುತ್ತಿದೆ, ಇಳಿಯಬೇಕಿತ್ತಲ್ವಾ?

ಪ್ರಶ್ನೆ:
ಎರಡು ಹಂತದ ಮಾಡೆಲ್ ಒಂದನ್ನು ಪೈಥಾನ್‌ನಲ್ಲಿ ಬರೆಯುತ್ತಿದ್ದೇನೆ. ಟಿ 0ಯಿಂದ 1ರವರೆಗೆ ಮಾಮೂಲಿ ಡೆರಿವೇಟಿವ್, ಆಮೇಲೆ 0.5 ಆರ್ಡರ್‌ನ ಕ್ಯಾಪುಟೊ ಡೆರಿವೇಟಿವ್ (ಆರ್ಡರ್ ಪೂರ್ಣಸಂಖ್ಯೆಯೇ ಆಗಬೇಕಿಲ್ಲದ ಒಂದು ಬಗೆಯ ಡೆರಿವೇಟಿವ್). ಎರಡೂ ಹಂತದಲ್ಲಿ ಸಮೀಕರಣದ ಬಲಭಾಗ ಮೈನಸ್ ವೈ, ಶುರುವಿನ ಬೆಲೆ 1. ಮೊದಲ ಹಂತ ಸರಿಯಾಗಿ 0.368ಕ್ಕೆ ಬಂದು ಮುಗಿಯುತ್ತದೆ. 1 ದಾಟಿದ ತಕ್ಷಣ ವೈ ಏರುತ್ತದೆ! ಹೆಜ್ಜೆ ಎಷ್ಟು ಚಿಕ್ಕದು ಮಾಡಿದರೂ ಅಷ್ಟೇ. ಅದಕ್ಕೆ ಎಲ್1 ವಿಧಾನ (ಪ್ರತಿ ಹೆಜ್ಜೆಯ ಬದಲಾವಣೆಗೆ ಒಂದೊಂದು ತೂಕ ಕೊಟ್ಟು ಕೂಡಿಸೋದು) ಬಳಸಿದ್ದೇನೆ, ಮೊತ್ತದ ಲೂಪ್ ಸೊನ್ನೆಯಿಂದ ಓಡುತ್ತದೆ.

ಉತ್ತರ:
ನಿಮ್ಮ ಕೊನೆಯ ಸಾಲಿನಲ್ಲೇ ಕಾರಣ ಇದೆ. ಕ್ಯಾಪುಟೊ ಡೆರಿವೇಟಿವ್‌ಗೆ ಹಿಂದಿನದೆಲ್ಲ ನೆನಪಿರುತ್ತದೆ. ಆ ನೆನಪು ಎಲ್ಲಿಂದ ಶುರು ಅನ್ನೋದನ್ನು ಅದರ ವ್ಯಾಖ್ಯೆಯಲ್ಲಿರೋ ಇಂಟಿಗ್ರಲ್‌ನ ಕೆಳಮಿತಿ ತೀರ್ಮಾನಿಸುತ್ತದೆ. ನೀವು ಸೊನ್ನೆಯಿಂದ ಕೂಡಿಸುತ್ತಿರೋದರಿಂದ ಮೊದಲ ಹಂತದ ಇಳಿಕೆಯೂ ಲೆಕ್ಕಕ್ಕೆ ಬರುತ್ತಿದೆ. ಟಿ = 1ರಲ್ಲಿ ಆ ಹಳೇ ಪಾಲು ಒಂದೇ ಸುಮಾರು ಮೈನಸ್ 0.607 ಆಗುತ್ತದೆ. ಸಮೀಕರಣ ಕೇಳುತ್ತಿರೋದು ಮೈನಸ್ 0.368 ಮಾತ್ರ. ಉಳಿದ 0.239 ಅನ್ನು ಹೊಸ ಪಾಲು ತುಂಬಿಕೊಡಬೇಕು, ಅದಕ್ಕೇ ವೈ ಏರುತ್ತದೆ. ನಿಮ್ಮ ಕೋಡ್ ಬೇರೆ ಸಮೀಕರಣವನ್ನು ಸರಿಯಾಗಿಯೇ ಬಿಡಿಸುತ್ತಿದೆ.

2021ರಲ್ಲಿ ಅಟಂಗಾನಾ ಮತ್ತು ಅರಾಜ್ ಮುಂದಿಟ್ಟ ಪೀಸ್‌ವೈಸ್ ಡೆರಿವೇಟಿವ್‌ನಲ್ಲಿ (ಕಾಲದ ತುಂಡಿಗೊಂದು ಬಗೆಯ ಡೆರಿವೇಟಿವ್) ಎರಡನೇ ತುಂಡಿನ ಕೆಳಮಿತಿ 1. ಲೂಪ್ ಅಲ್ಲಿಂದ ಶುರು ಮಾಡಿ. ತೂಕಗಳ ಸೂಚ್ಯಂಕವೂ ಅಲ್ಲಿಂದಲೇ ಎಣಿಸಬೇಕು, ಇದನ್ನು ಮರೆಯೋದು ಸುಲಭ. ಪರೀಕ್ಷೆಗೆ ಒಂದು ಚಂದದ ಬೆಲೆ ಇದೆ: ಟಿ = 2ರಲ್ಲಿ ನಿಖರ ಉತ್ತರ ಕಾಂಪ್ಲಿಮೆಂಟರಿ ಎರರ್ ಫಂಕ್ಷನ್‌ನ 1ರ ಬೆಲೆ, ಅಂದರೆ 0.1573.

ಪ್ರಶ್ನೆ ಕೇಳಿದವರು:
0.157 ಬಂತು, ತುಂಬಾ ಥ್ಯಾಂಕ್ಸ್! ಆದರೆ 1ರ ಪಕ್ಕದಲ್ಲಿ ಗ್ರಾಫ್ ಗೋಡೆ ತರಹ ಕಡಿದಾಗಿ ಬೀಳುತ್ತದೆ. ಇದೂ ದೋಷವೇ?

ಉತ್ತರ:
ಅಲ್ಲ, ಅದು ನಿಜವಾದ ಗುಣ. ಬದಲಾದ ಮೇಲೆ ಕಳೆದ ಕಾಲದ ವರ್ಗಮೂಲಕ್ಕೆ ತಕ್ಕಂತೆ ವೈ ಇಳಿಯುತ್ತದೆ, ಹಾಗಾಗಿ ಆ ಬಿಂದುವಿನಲ್ಲಿ ಇಳಿಜಾರು ಅನಂತ. ಸಮನಾದ ಹೆಜ್ಜೆ ಇಟ್ಟರೆ ಎಲ್1 ತಪ್ಪುವುದು ಜಾಸ್ತಿ ಇಲ್ಲೇ. 1ರ ಹತ್ತಿರ ಬಿಂದುಗಳನ್ನು ದಟ್ಟವಾಗಿಡಿ: ಜೆ ಬೈ ಎನ್‌ನ ಘನವನ್ನು 1ಕ್ಕೆ ಕೂಡಿಸಿ ಬಿಂದು ತೆಗೆದುಕೊಳ್ಳಿ (ಜೆ ಬಿಂದುವಿನ ಕ್ರಮಸಂಖ್ಯೆ, ಎನ್ ಒಟ್ಟು ಹೆಜ್ಜೆಗಳು). 0.5 ಆರ್ಡರ್‌ಗೆ ಘಾತ 3 ಸರಿಹೊಂದುತ್ತದೆ. ತೂಕಗಳನ್ನು ಮಾತ್ರ ಪ್ರತಿ ಹೆಜ್ಜೆಗೂ ಹೊಸದಾಗಿ ಲೆಕ್ಕ ಹಾಕಬೇಕು, ಹಳೇ ಪಟ್ಟಿ ನಡೆಯಲ್ಲ.

ಇನ್ನೊಂದು ಮಾತು. ಮುಂದೆ ನಿಜವಾದ ಡೇಟಾ ಹಾಕುವಾಗ ದರದ ಯೂನಿಟ್ ನೋಡಿಕೊಳ್ಳಿ. ಮೊದಲ ಹಂತದ ದರ 'ದಿನಕ್ಕೆ ಇಷ್ಟು' ಅಂತಿದ್ದರೆ, ಎರಡನೇ ಹಂತದಲ್ಲಿ ಅದರ 0.5 ಘಾತ ಬೇಕಾಗುತ್ತದೆ. ಇಲ್ಲಿ ದರ 1 ಆಗಿರೋದರಿಂದ ಅದು ಕಾಣಿಸಿಲ್ಲ.