ಸಮಸ್ಯಾಪೂರಣ: ಮೂಗನಾಡಿದ ಮಾತು

ಸಮಸ್ಯೆ

ಕಾವ್ಯಾಸಕ್ತರೆಲ್ಲರಿಗೂ ನಮಸ್ಕಾರ. ಈ ಸಲ ಪೂರಣಕ್ಕೆ, ಅಂದರೆ ಕೊನೆಯ ಸಾಲಾಗಿಟ್ಟು ಪದ್ಯ ಕಟ್ಟುವುದಕ್ಕೆ, ಕೊಡುತ್ತಿರುವ ಸಾಲು ಇದು:

ಮೂಗನಾಡಿದ ಮಾತು ಕಾಯ್ದುದರಸನ ಕೊರಳ

ಸಾಲು ಐದೈದು ಮಾತ್ರೆಯ ನಾಲ್ಕು ಗಣಗಳಲ್ಲಿ ನಡೆದಿರುವುದರಿಂದ ಪೂರಣವೂ ಅದೇ ನಡೆಯ ಚೌಪದಿಯಾಗಿರಲಿ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ಗಕಾರ; ಅದರ ಹಿಂದಿನ ಅಕ್ಷರ ಗುರು. ವಸ್ತು ಲಿಡಿಯದ ದೊರೆ ಕ್ರೀಸಸ್. ಇಂದಿನ ತುರ್ಕಿಯ ಪಶ್ಚಿಮದಲ್ಲಿದ್ದ ಆ ರಾಜ್ಯದ ರಾಜಧಾನಿ ಸಾರ್ಡಿಸ್. ಅಲ್ಲಿ ಹರಿಯುವ ಪ್ಯಾಕ್ಟೋಲಸ್ ತೊರೆಯ ಮರಳಿನಲ್ಲಿ ಹೊನ್ನು ಸಿಗುತ್ತಿತ್ತು. ಬೆಳ್ಳಿ ಬೆರೆತ ಹೊನ್ನನ್ನು ಉಪ್ಪಿನೊಡನೆ ಮಣ್ಣಿನ ಪಾತ್ರೆಗಳಲ್ಲಿ ಕಾಯಿಸಿ ಶುದ್ಧಮಾಡುತ್ತಿದ್ದ ಕುಲುಮೆಗಳು ಆ ತೊರೆಯ ದಡದಲ್ಲಿಯೇ 1968ರ ಉತ್ಖನನದಲ್ಲಿ ದೊರೆತವು. ಅಪ್ಪಟ ಚಿನ್ನದ ಮತ್ತು ಅಪ್ಪಟ ಬೆಳ್ಳಿಯ ನಾಣ್ಯಗಳನ್ನು ಬೇರೆಬೇರೆಯಾಗಿ ಟಂಕಿಸಿದ ಕೀರ್ತಿಯೂ ಕ್ರೀಸಸನಿಗೆ ಸಲ್ಲುತ್ತದೆ. ಇಷ್ಟು ಸಿರಿಯಿದ್ದವನ ಕಥೆಯಲ್ಲಿ ಅವನ ಜೀವ ಉಳಿಸಿದ್ದು ಹೊನ್ನಲ್ಲ, ಮಾತು. ಪೂರಿಸುವವರು ಅದನ್ನು ಗಮನದಲ್ಲಿಡಬೇಕೆಂದು ಕೋರುತ್ತೇನೆ.

ಮೊದಲ ಪೂರಣ

ಬೀಗಿದ್ದ ಸಾರ್ಡಿಸಿನ ಕೋಟೆ ಮುರಿದಂದೊಬ್ಬ
ಸಾಗಿ ಬಂದಲಗೆತ್ತೆ ಗುರುತರಿಯದರಿಭಟನು
ಕೂಗಿದನು ಸುತನಾಗ ‘ಕೊಲ್ಲದಿರು ತಂದೆಯನು’
ಮೂಗನಾಡಿದ ಮಾತು ಕಾಯ್ದುದರಸನ ಕೊರಳ

ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುವ ಕಥೆಯನ್ನೇ ಇಲ್ಲಿ ಹಿಡಿದಿದ್ದೇನೆ. ಕ್ರೀಸಸನ ಮಗ ಆಟಿಸ್ ಹಂದಿಬೇಟೆಯಲ್ಲಿ ಗುರಿತಪ್ಪಿದ ಈಟಿಗೆ ಬಲಿಯಾದ. ಇನ್ನೊಬ್ಬ ಮಗ ಹುಟ್ಟುಮೂಗ. ಅವನಿಗೆ ಮಾತು ಬರುವುದೇ ಎಂದು ದೇವವಾಣಿಗೆ ಹೆಸರಾದ ಗ್ರೀಸಿನ ಡೆಲ್ಫಿಯ ದೇಗುಲದಲ್ಲಿ ಕೇಳಿಸಿದಾಗ, ಆ ದನಿಯನ್ನು ಕೇಳಬೇಕೆಂದು ಬಯಸಬೇಡ, ಅವನು ಮೊದಲು ಮಾತಾಡುವುದು ನಿನ್ನ ಕೇಡಿನ ದಿನ ಎಂಬ ಉತ್ತರ ಬಂದಿತು. ಸಾರ್ಡಿಸ್ ಬಿದ್ದದ್ದು ಕ್ರಿ.ಪೂ. 546ರ ಸುಮಾರಿಗೆ, ಪರ್ಷಿಯನ್ನರ ಮುತ್ತಿಗೆಯ 14ನೆಯ ದಿನ. ಕೋಟೆಯ ಮೇಲಿದ್ದ ಲಿಡಿಯದ ಸೈನಿಕನೊಬ್ಬನ ಶಿರಸ್ತ್ರಾಣ ಜಾರಿ ಕೆಳಗುರುಳಿತು. ಅವನು ಕಡಿದಾದ ಬಂಡೆಯನ್ನಿಳಿದು ಅದನ್ನೆತ್ತಿಕೊಂಡು ಮರಳಿ ಹತ್ತಿದ್ದನ್ನು ನೋಡಿಕೊಂಡ ಶತ್ರುಭಟನು ಮರುದಿನ ಅದೇ ದಾರಿಯಲ್ಲಿ ಮೇಲೇರಿದನು. ಶಿರಸ್ತ್ರಾಣವನ್ನೂ ಪದ್ಯದೊಳಗೆ ತರಬೇಕೆಂಬ ಆಸೆಯಿತ್ತು, ಮೂರು ಸಾಲುಗಳಲ್ಲಿ ಅದಕ್ಕೆ ಎಡೆಯಿರಲಿಲ್ಲ.

ಎರಡನೆಯ ಪೂರಣ

ಬಾಗಿ ಮೂಗನ ತೆರದಿ ಚಿತೆಯೊಳಿರ್ದವನೊಮ್ಮೆ
ಕೂಗಿ ಕರೆಯಲು ಮೂರು ಸಲ ಸೋಲನನ ಹೆಸರ
ಬೇಗೆಯಾರಿಸಿರೆಂದು ಪಾರಸಿಕನೊರೆದನೈ
ಮೂಗನಾಡಿದ ಮಾತು ಕಾಯ್ದುದರಸನ ಕೊರಳ

ನನ್ನ ಪದ್ಯದಲ್ಲಿ ಮೂಗನೂ ಅರಸನೂ ಒಬ್ಬನೇ. ಸೆರೆಸಿಕ್ಕ ಕ್ರೀಸಸ್ ಚಿತೆಯ ಮೇಲೆ ಬಹಳ ಹೊತ್ತು ತುಟಿಬಿಚ್ಚದೆ ನಿಂತಿದ್ದು, ಕೊನೆಗೆ ನಿಟ್ಟುಸಿರಿಟ್ಟು ಅಥೆನ್ಸಿನ ಜ್ಞಾನಿ ಸೋಲನನ ಹೆಸರನ್ನು ಮೂರು ಬಾರಿ ಉಚ್ಚರಿಸಿದನು. ಬಾಳಿನ ಕೊನೆಯನ್ನು ನೋಡದೆ ಯಾರನ್ನೂ ಸುಖಿಯೆನ್ನಲಾಗದು ಎಂದು ಹಿಂದೆ ಅವನ ಭಂಡಾರವನ್ನು ನೋಡಿಯೂ ಹೇಳಿದ್ದವನು ಆ ಸೋಲನ್. ದುಭಾಷಿಗಳ ಮೂಲಕ ಅದನ್ನು ತಿಳಿದ ಪರ್ಷಿಯದ ದೊರೆ ಸೈರಸ್ ಉರಿ ನಂದಿಸಲು ಆಜ್ಞಾಪಿಸಿದನು. ಆಳುಗಳಿಂದ ಅದು ಸಾಧ್ಯವಾಗದಿದ್ದಾಗ ಕ್ರೀಸಸ್ ಅಪೊಲೊ ದೇವನಿಗೆ ಮೊರೆಯಿಡಲು, ನಿರ್ಮಲವಾಗಿದ್ದ ಆಕಾಶದಿಂದ ಮಳೆ ಸುರಿಯಿತು.

ಆಕ್ಷೇಪ

ಎರಡನೆಯ ಪೂರಣ ಸೊಗಸಾಗಿದೆಯಾದರೂ ಕಾಲಗಣನೆ ಅದಕ್ಕೆ ಒದಗುವುದಿಲ್ಲ. ಸೋಲನ್ ಅಧಿಕಾರದಲ್ಲಿದ್ದದ್ದು ಕ್ರಿ.ಪೂ. 594ರಲ್ಲಿ, ಕ್ರೀಸಸ್ ಪಟ್ಟವೇರಿದ್ದು 560ರ ಸುಮಾರಿಗೆ. ಇಬ್ಬರ ಭೇಟಿಯನ್ನು ಪ್ರಾಚೀನರೇ ಸಂಶಯಿಸಿದ್ದರೆಂಬುದು ಗ್ರೀಕ್ ಲೇಖಕ ಪ್ಲೂಟಾರ್ಕನ ಬರಹದಿಂದ ತಿಳಿಯುತ್ತದೆ. ಕ್ರಿ.ಪೂ. 468ರಲ್ಲಿ ಹಾಡಿದ ಗ್ರೀಕ್ ಕವಿ ಬ್ಯಾಕಿಲಿಡೀಸನ ಕಥನದಲ್ಲಂತೂ ದೊರೆ ತಾನಾಗಿಯೇ ಚಿತೆಯೇರುತ್ತಾನೆ, ಅಲ್ಲಿ ಸೋಲನನ ಸುಳಿವೇ ಇಲ್ಲ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಬ್ಯಾಕಿಲಿಡೀಸನಿಗಿಂತಲೂ ಹಳೆಯದಾದ ಮಡಕೆಯ ಚಿತ್ರದಲ್ಲಿಯೂ ಕ್ರೀಸಸ್ ರಾಜದಂಡ ಹಿಡಿದು ಚಿತೆಯ ಮೇಲಿನ ಸಿಂಹಾಸನದಲ್ಲಿ ಕುಳಿತು ಪಾನೀಯವನ್ನು ಧಾರೆಯೆರೆಯುತ್ತಿದ್ದಾನೆ. ಸೆರೆಯಾಳಿನ ಲಕ್ಷಣ ಅವನಲ್ಲಿ ಕಾಣುವುದಿಲ್ಲ.

ಸಮಸ್ಯೆ ಕೊಟ್ಟವರ ಮಾತು

ಆಕ್ಷೇಪ ಉಪಯುಕ್ತವಾದುದು, ಆದರೆ ಪೂರಣಕ್ಕೆ ಬಾಧಕವಲ್ಲ. ಸಮಸ್ಯಾಪೂರಣದಲ್ಲಿ ಪ್ರಸಿದ್ಧ ಕಥೆಯೇ ಸಾಕಷ್ಟು ಆಧಾರ. ಪುರಾಣಪ್ರಸಂಗಗಳಿಂದ ಪೂರಿಸುವಾಗ ನಾವು ಶಾಸನದ ಸಾಕ್ಷ್ಯ ಕೇಳುವುದಿಲ್ಲ. ಹಾಗಿದ್ದರೂ ನನ್ನ ಒಲವು ಮೊದಲನೆಯ ಪದ್ಯದ ಕಡೆಗಿದೆ. ಎರಡನೆಯದರಲ್ಲಿ ಮೂಗತನವು ಉಪಮೆಯಿಂದ ಬಂದುದು, ಮೊದಲನೆಯದರಲ್ಲಿ ಅದು ವಾಸ್ತವ. ಅಸಂಭವವೆನಿಸಿದ ಸಾಲು ಒಂದು ಅಕ್ಷರವನ್ನೂ ಸಡಿಲಿಸದೆ ಸಂಭವವಾಗುತ್ತದೆ. ಇದಕ್ಕೆ ಇನ್ನೊಂದು ಬಲವೂ ಇದೆ. ದೇವವಾಣಿಗಳನ್ನು ಪರೀಕ್ಷಿಸಲೆಂದು ಕ್ರೀಸಸ್ ದೂತರನ್ನಟ್ಟಿ, ಅವರು ಹೊರಟ 100ನೆಯ ದಿನ ತಾನು ಏನು ಮಾಡುತ್ತಿರುವನೆಂದು ಕೇಳಿಸಿದ್ದನು. ಆ ದಿನ ಅವನು ಆಮೆಯನ್ನೂ ಕುರಿಮರಿಯನ್ನೂ ಕತ್ತರಿಸಿ, ಕಂಚಿನ ಕೊಪ್ಪರಿಗೆಯಲ್ಲಿಟ್ಟು, ಕಂಚಿನದೇ ಮುಚ್ಚಳ ಮುಚ್ಚಿ ಬೇಯಿಸುತ್ತಿದ್ದನು. ಡೆಲ್ಫಿಯ ಪೂಜಾರಿಣಿ ಅದನ್ನು ಹೇಳುವ ಮೊದಲು ತಾನು ಮೂಗನ ಮನಸ್ಸನ್ನೂ ಅರಿಯಬಲ್ಲೆನೆಂದು ಸಾರಿದ್ದಳು. ದೊರೆಗೆ ಆಗ ಕಂಡದ್ದು ಕೊಪ್ಪರಿಗೆಯ ಗುಟ್ಟು ಮಾತ್ರ. ಮೊದಲ ಪೂರಣವನ್ನು ಓದಿದವರಿಗೆ ಅವನ ಅರಮನೆಯಲ್ಲಿದ್ದ ಮೂಗನೂ ನೆನಪಾಗುತ್ತಾನೆ.

ನಾಣ್ಯವನ್ನೇ ಮೂಗನೆಂದು ಕಲ್ಪಿಸಿ ಪೂರಿಸಬಹುದೇ ಎಂದು ಒಬ್ಬರು ಕೇಳಿದ್ದಾರೆ. ಕ್ರೀಸಸನ ನಾಣ್ಯದಲ್ಲಿ ಎದುರುಬದುರಾದ ಸಿಂಹ ಮತ್ತು ಗೂಳಿಗಳಿವೆ, ಒಂದಕ್ಷರದ ಲೇಖವೂ ಇಲ್ಲ. ಆದ್ದರಿಂದ ಕಲ್ಪನೆ ಒಪ್ಪುವಂಥದೇ. ಆದರೆ ಆ ನಾಣ್ಯ ಅವನ ಕೊರಳನ್ನು ಕಾಯ್ದ ಕಥೆಯಿಲ್ಲವಾಗಿ ಅದನ್ನು ಸ್ವೀಕರಿಸಲಾರೆ.

ಮುಂದಿನ ಸಮಸ್ಯೆ ಇದೇ ದೊರೆಯದು: ದೈವನುಡಿ ದಿಟವಾಗೆ ನಂಬಿದವನಳಿದನೈ. ಲಿಡಿಯದ ಪೂರ್ವದ ಗಡಿಯಾಗಿದ್ದ ಹ್ಯಾಲಿಸ್ ನದಿಯನ್ನು ಕ್ರೀಸಸ್ ದಾಟಿದರೆ ಮಹಾರಾಜ್ಯವೊಂದು ನಾಶವಾಗುವುದೆಂದು ಡೆಲ್ಫಿ ನುಡಿದಿತ್ತು, ನಾಶವಾದದ್ದು ದಾಟಿದವನದೇ ರಾಜ್ಯ. ಪ್ರಾಸ ಈ ಬಾರಿ ವಕಾರ, ಹಿಂದಿನದು ಗುರುವೇ. ನದಿಯ ಪ್ರಸ್ತಾಪ ಪದ್ಯದೊಳಗೆ ಬರಲೇಬೇಕು.